ಎಂಆರ್‌ಐ ಯಂತ್ರ ನಮ್ಮ ಯೋಚನೆಯನ್ನು ಓದುತ್ತದೆಯೇ?

ಪ್ರಶ್ನೆ: ತಂದೆಯವರಿಗೆ ಮೆದುಳಿನ ಎಂಆರ್‌ಐ ಮಾಡಿಸಿದೆವು. ಇದೇ ಯಂತ್ರದಲ್ಲಿ ವಿಜ್ಞಾನಿಗಳು ಮನಸ್ಸಿನಲ್ಲಿರುವುದನ್ನೂ ನೋಡುತ್ತಾರಂತೆ, ಹೌದೇ?
– ಓದುಗರು, ನಿಪ್ಪಾಣಿ

ಉತ್ತರ: ಯಂತ್ರ ಅದೇ, ಆದರೆ ಅದರಲ್ಲಿ ವಿಜ್ಞಾನಿಗಳು ನೋಡುವುದು ಯೋಚನೆಯನ್ನಲ್ಲ, ರಕ್ತವನ್ನು.

ತಂದೆಯವರ ಸ್ಕ್ಯಾನ್ ಮೆದುಳಿನ ರಚನೆಯ ಚಿತ್ರ. ಬಲವಾದ ಅಯಸ್ಕಾಂತ ಮತ್ತು ರೇಡಿಯೊ ತರಂಗಗಳಿಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಹೇಗೆ ಸ್ಪಂದಿಸುತ್ತದೆ ಎಂಬುದರಿಂದ ಅದು ಮೂಡುತ್ತದೆ. ಸಂಶೋಧನೆಯಲ್ಲಿ ಹೆಚ್ಚಾಗಿ ಬಳಸುವ 3 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 60,000 ಪಟ್ಟು ಪ್ರಬಲ.

ರಕ್ತದಲ್ಲಿ ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಹೈಡ್ರೋಜನ್‌ನಿಂದ ಬರುವ ಸಂಕೇತವನ್ನು ತುಸು ಕೆಡಿಸುತ್ತದೆ. ಮೆದುಳಿನ ಒಂದು ಭಾಗ ಚುರುಕಾದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿದು, ಸಂಕೇತ ಶೇಕಡಾ ಒಂದೆರಡರಷ್ಟು ಏರುತ್ತದೆ. ರಕ್ತದ ಆಮ್ಲಜನಕಕ್ಕೆ ತಕ್ಕಂತೆ ಸಂಕೇತ ಬದಲಾಗುವುದನ್ನು 1990ರಲ್ಲಿ ವಿಜ್ಞಾನಿ ಸೇಜಿ ಒಗಾವಾ ಇಲಿಗಳಲ್ಲಿ ತೋರಿಸಿದರು. 1992ರ ಹೊತ್ತಿಗೆ ಮನುಷ್ಯರ ಮೆದುಳಿನ ಚಟುವಟಿಕೆಯನ್ನು ಹೀಗೆ ನೋಡುವುದು ಸಾಧ್ಯವಾಯಿತು. ಈ ವಿಧಾನವೇ ಎಫ್‌ಎಂಆರ್‌ಐ.

ಆದರೆ ರಕ್ತದ ಈ ಬದಲಾವಣೆ ತಾರಕಕ್ಕೇರಲು ಐದಾರು ಸೆಕೆಂಡು ಬೇಕು. ನಿಮ್ಮೂರಿನವರು ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ ಮಾತಾಡಿದರೆ ಭಾಷೆಯ ಭಾಗಗಳು ಚುರುಕಾಗಿದ್ದು ಕಾಣುತ್ತದೆ. ಆಡಿದ್ದೇನೆಂದು ಚಿತ್ರ ನೋಡಿ ಹೇಳಲಾಗದು. ಕಂಪ್ಯೂಟರಿಗೆ ಒಬ್ಬರದೇ ಮೆದುಳಿನ ದತ್ತಾಂಶವನ್ನು ಗಂಟೆಗಟ್ಟಲೆ ಉಣಿಸಿದರೆ ತಾತ್ಪರ್ಯ ಊಹಿಸಬಹುದು, ಅದೂ ಅವರು ಸಹಕರಿಸಿದರೆ.

ಕರ್ನಾಟಕದಲ್ಲಿ ಈ ಯಂತ್ರಕ್ಕೆ ಬೇರೆ ಕೆಲಸವೂ ಇದೆ. ಬೆಂಗಳೂರಿನ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ದಾಟಿದ ಹಳ್ಳಿಗರ ಮೆದುಳು ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂದು ಎಂಆರ್‌ಐ ಸೇರಿದಂತೆ ಹಲವು ಪರೀಕ್ಷೆಗಳಿಂದ ವರ್ಷಗಳಿಂದ ಗಮನಿಸುತ್ತಿದೆ. ಮರೆವಿನ ಕಾಯಿಲೆಯನ್ನು ಮೊದಲೇ ಗುರುತಿಸುವುದು ಅದರ ಗುರಿ, ಯೋಚನೆ ಓದುವುದಲ್ಲ. ನಿಮ್ಮ ಗುಟ್ಟು ನಿಮ್ಮಲ್ಲೇ ಭದ್ರ!