ಸಂಘದ ನೆನಪುಗಳಿಗೂ ಇರಲಿ ಒಂದು ಲೆಡ್ಜರ್

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಕನ್ನಡ ಸಂಘಗಳಿಗೆ ಹೊಸತಾಗಿ ಹೇಳಬೇಕಾದುದೇನಲ್ಲ. ಕಚೇರಿಯ ಕಪಾಟಿನ ಕೆಳಗಿನ ಖಾನೆಯಲ್ಲಿ ಶಾಲು, ಸ್ಮರಣಿಕೆಗಳ ಪಕ್ಕ ವಿಎಚ್‌ಎಸ್ ಕ್ಯಾಸೆಟ್, ಮಿನಿ ಡಿವಿ ಟೇಪ್, ಸಿಡಿಗಳ ರಾಶಿ ಇರುತ್ತದೆ. ಮೇಲೆ 'ರಾಜ್ಯೋತ್ಸವ-2' ಎಂದಷ್ಟೇ ಬರಹ. ಯಾವ ವರ್ಷ, ಯಾರ ಭಾಷಣ, ಯಾವ ಯಕ್ಷಗಾನ ಎಂಬುದು ಬರೆದವರಿಗೇ ಮರೆತಿರುತ್ತದೆ.

2005ರ ಜುಲೈ 26ರ ಮಹಾಮಳೆಯಲ್ಲಿ ನಾನು ಸದಸ್ಯನಾಗಿರುವ ಸಂಘದ ನೆಲಮಹಡಿಯ ಕೋಣೆಗೂ ನೀರು ನುಗ್ಗಿತ್ತು. ಹಿರಿಯ ಕಲಾವಿದರೊಬ್ಬರು ಅಭಿನಯಿಸಿದ ನಾಟಕದ ಏಕೈಕ ಕ್ಯಾಸೆಟ್ ಅದರಲ್ಲಿ ಹೋಯಿತು. ಅವರು ತೀರಿಕೊಂಡ ಮೇಲೆ ಮಗಳು ಬಂದು "ಅಪ್ಪನ ಧ್ವನಿ ಒಮ್ಮೆ ಕೇಳಬೇಕಿತ್ತು" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ದೊಡ್ಡವರ ಪಾಡೂ ಹೀಗೆಯೇ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣಗೊಂಡದ್ದು ನಮ್ಮ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ. 1934ರಲ್ಲಿ ತೆರೆಕಂಡ ಆ ಚಿತ್ರದ ಪ್ರತಿ ಇಂದು ಲಭ್ಯವಿಲ್ಲ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮರಾ ಇದೆ, ಆದರೆ ಶಿಸ್ತು ಬಂದಿಲ್ಲ. ಕಳೆದ ವಾರ್ಷಿಕೋತ್ಸವಕ್ಕೆ ಯುವ ವಿಭಾಗದವರು ಸಂಘದ ಕಂಪ್ಯೂಟರಿನಲ್ಲಿ ಅರ್ಧ ಗಂಟೆಯ ಚಿತ್ರ ಸಂಕಲಿಸುತ್ತಿದ್ದರು. ಫೈಲುಗಳು ಚೆಲ್ಲಾಪಿಲ್ಲಿಯಾಗಿವೆ ಎಂದು ನಾನೇ ಕೂತು ಹೆಸರು ಬದಲಿಸಿ, ಬೇರೆ ಫೋಲ್ಡರಿಗೆ ಹಾಕಿದೆ. ಮರುದಿನ ತೆರೆಯ ಮೇಲೆ 'ಮೀಡಿಯಾ ಆಫ್‌ಲೈನ್' ಎಂಬ ಕೆಂಪು ಪಟ್ಟಿ! ಹುಡುಗರು ರಾತ್ರಿಯಿಡೀ ಕೂತು ಒಂದೊಂದನ್ನೇ ಮತ್ತೆ ಜೋಡಿಸಬೇಕಾಯಿತು.

ಬ್ಯಾಂಕಿನವನಾದ ನನಗೆ ಆಮೇಲೆ ಅರ್ಥವಾಯಿತು. ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲ್ ಎಂದರೆ ಲೆಡ್ಜರ್ ಇದ್ದಂತೆ. ಅದರಲ್ಲಿ ದೃಶ್ಯಗಳಿರುವುದಿಲ್ಲ, ಯಾವ ದೃಶ್ಯ ಎಲ್ಲಿದೆ ಎಂಬ ನಮೂದು ಮಾತ್ರ ಇರುತ್ತದೆ. ವೋಚರ್ ಜಾಗ ಬದಲಿಸಿದರೆ ನಮೂದು ಅನಾಥ. ಆದ್ದರಿಂದ ಅಚ್ಚುಕಟ್ಟು ಮಾಡುವುದೇನಿದ್ದರೂ ಸಂಕಲನಕ್ಕೆ ಮೊದಲೇ ಮಾಡಬೇಕು.

ನಾವೀಗ ಅನುಸರಿಸುವ ಕ್ರಮ ಸರಳ. ಪ್ರತಿ ಕಾರ್ಯಕ್ರಮಕ್ಕೂ ಒಂದೇ ಫೋಲ್ಡರ್. ಅದರೊಳಗೆ ಮೂಲ ವಿಡಿಯೋ, ಧ್ವನಿ, ಫೋಟೋ, ಪ್ರಾಜೆಕ್ಟ್, ಸಿದ್ಧ ಚಿತ್ರ ಎಂಬ ಐದು ಫೋಲ್ಡರುಗಳು. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ. ಆಗ ಕಂಪ್ಯೂಟರ್ ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಪ್ರತಿ ತೆಗೆದು, ತೆರೆದು ನೋಡುವ ತನಕ ಕ್ಯಾಮರಾದ ಕಾರ್ಡ್ ಅಳಿಸುವಂತಿಲ್ಲ. ವೇದಿಕೆಯಲ್ಲಿ ಯಾರಿದ್ದರು ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತೇವೆ. ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ. ಒಂದು ಪ್ರತಿ ಬೇರೆ ಊರಿನಲ್ಲಿ. ಡೊಂಬಿವಲಿಯಲ್ಲಿ ನೀರು ಬಂದರೆ ವಾಶಿಯ ಪ್ರತಿ ಉಳಿಯಲಿ ಎಂಬ ಲೆಕ್ಕಾಚಾರ.

ಹಳೆಯ ಟೇಪುಗಳಿಗಂತೂ ಹೆಚ್ಚು ಸಮಯವಿಲ್ಲ. 60 ನಿಮಿಷದ ಮಿನಿ ಡಿವಿ ಟೇಪನ್ನು ಇಳಿಸಲು ಪೂರ್ತಿ ಒಂದು ಗಂಟೆ, ಸುಮಾರು 13 ಜಿಬಿ ಜಾಗ ಬೇಕು. ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ತಯಾರಿಕೆ ನಿಲ್ಲಿಸಿದೆ. ಕ್ಯಾಸೆಟ್ ಚೆನ್ನಾಗಿದ್ದರೂ ಓಡಿಸುವ ಯಂತ್ರ ಸಿಗದ ದಿನ ದೂರವಿಲ್ಲ.

ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಈ ಕಪಾಟಿನ ವಿಚಾರವೂ ಇರಲಿ. ಹೆಸರು ಗುರುತಿಸಬಲ್ಲ ಹಿರಿಯರು ನಮ್ಮೊಂದಿಗಿದ್ದಾರೆ, ಯಂತ್ರ ನಡೆಸಬಲ್ಲ ಮಕ್ಕಳೂ ಇದ್ದಾರೆ. ಇಬ್ಬರನ್ನೂ ಒಂದು ಭಾನುವಾರ ಜೊತೆಯಲ್ಲಿ ಕೂರಿಸಿದರೆ ಕೆಲಸ ಆರಂಭವಾದಂತೆಯೇ.