ಅಡುಗೆಮನೆಯ ಕಲ್ಲುಕಟ್ಟೆಯೂ ಅದರಡಿಯ ಸಿಂಕೂ

ಮನೆಯೊಳಗೆ ಎಡೆಬಿಡದೆ ಕೆಲಸ ನಡೆಯುವ ಸ್ಥಳವು ಯಾವುದೆಂದು ವಿಚಾರಿಸಿದರೆ, ಒಲೆಯ ಮುಂದಿನ ಜಾಗವಲ್ಲ, ಪಾತ್ರೆ ತೊಳೆಯುವ ಜಾಗವೇ ಎಂದು ಗೃಹಿಣಿಯರು ಉತ್ತರ ಕೊಡುವರು. ಒಲೆಯು ದಿನಕ್ಕೆ ಎರಡು ಮೂರು ಸಲ ಉರಿದು ಆರುವುದು. ನೀರಿನ ಕೆಲಸಕ್ಕೆ ಮಾತ್ರ ಬೆಳಗಿನ ಹಾಲಿನ ಪಾತ್ರೆಯಿಂದ ಹಿಡಿದು ರಾತ್ರಿಯ ಊಟದ ತಟ್ಟೆಯವರೆಗೆ ಬಿಡುವೆಂಬುದಿಲ್ಲ. ಹಿಂದಿನ ಮನೆಗಳಲ್ಲಿ ಈ ಕೆಲಸವು ಹಿತ್ತಲಿನ ಬಚ್ಚಲ ಕಲ್ಲಿನ ಮೇಲೆ, ಬೂದಿ, ಹುಣಿಸೆಹಣ್ಣು, ತೆಂಗಿನ ನಾರುಗಳ ಸಹಾಯದಿಂದ, ಕುಳಿತು ನಡೆಯುತ್ತಿದ್ದಿತು. ಇಂದು ಅದು ನಿಂತು ಮಾಡುವ ಕೆಲಸವಾಗಿ ಅಡುಗೆಯ ಕಟ್ಟೆಗೇ ಬಂದು ಸೇರಿದೆ. ದೇವರಮನೆಯ ಬಾಗಿಲಿನ ಕೆತ್ತನೆಗಾಗಿ ವಾರಗಟ್ಟಲೆ ಯೋಚಿಸುವ ಯಜಮಾನರು ಸಿಂಕಿನ ವಿಷಯವನ್ನು ಮೇಸ್ತ್ರಿಯ ಇಷ್ಟಕ್ಕೆ ಬಿಟ್ಟುಬಿಡುವುದು ಲೋಕರೂಢಿ. ಅದರ ಫಲವನ್ನು ಅನುಭವಿಸುವವರು ಮಾತ್ರ ಮನೆಯ ಹೆಂಗಸರು.

ಸಿಂಕನ್ನು ಕಲ್ಲುಕಟ್ಟೆಗೆ ಕೂಡಿಸುವುದರಲ್ಲಿ ಎರಡು ಕ್ರಮಗಳುಂಟು. ಮೊದಲನೆಯದರಲ್ಲಿ ಕಲ್ಲಿಗೆ ಕಿಂಡಿ ತೆಗೆದು ಸಿಂಕನ್ನು ಮೇಲಿನಿಂದ ಇಳಿಬಿಡುವರು. ಅದರ ಅಂಚು ಕಲ್ಲಿನ ಮೇಲೆ ಕುಳಿತು ಭಾರವನ್ನೆಲ್ಲ ಕಲ್ಲಿಗೆ ಒಪ್ಪಿಸುವುದು. ಎರಡನೆಯದರಲ್ಲಿ ಅಂಚನ್ನು ಕಲ್ಲಿನ ಕೆಳಮೈಗೆ ಸೇರಿಸುವರು. ಅಂಗಡಿಗಳಲ್ಲಿ ‘ಅಂಡರ್‌ಮೌಂಟ್’ ಎಂದು ಹೆಸರಾಗಿರುವುದು ಇದೇ. ಇದರ ಪ್ರಯೋಜನವು ಸ್ಪಷ್ಟವಾದುದು. ಮೇಲಂಚಿನ ಸಿಂಕಿನ ಸುತ್ತ ಅನ್ನದ ಅಗುಳೂ ಸಾಬೂನಿನ ಜಿಡ್ಡೂ ಸೇರಿಕೊಂಡು ಕಪ್ಪಾಗುವುದುಂಟು. ಕಟ್ಟೆಯ ಮೇಲೆ ಚೆಲ್ಲಿದ ನೀರಿಗೂ ಆ ಅಂಚೇ ಅಡ್ಡಗಟ್ಟೆಯಾಗುವುದು. ಕೆಳಗೆ ಕೂಡಿಸಿದ ಸಿಂಕಿನಲ್ಲಿ ಈ ಅಡ್ಡಿಯಿಲ್ಲ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೆ ಕಟ್ಟೆಯ ಮೇಲಿನ ನೀರೂ ಹಿಟ್ಟಿನ ಪುಡಿಯೂ ನೇರವಾಗಿ ತೊಟ್ಟಿಗೆ ಇಳಿಯುವುವು.

ಆದರೆ ಈ ಸೌಕರ್ಯಕ್ಕೆ ಒಂದು ಬೆಲೆಯುಂಟು. ಮೇಲಿನ ಸಿಂಕು ಕಲ್ಲಿನ ಮೇಲೆ ಕುಳಿತಿರುವುದು. ಕೆಳಗಿನ ಸಿಂಕು ಕಲ್ಲಿನಿಂದ ನೇತುಕೊಂಡಿರುವುದು. ಕುಳಿತ ವಸ್ತುವು ತಾನಾಗಿ ಬೀಳದು. ನೇತಾಡುವ ವಸ್ತುವಿಗೆ ಹಿಡಿತ ತಪ್ಪಿದರೆ ನೆಲವೇ ಗತಿ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡವರು, ಮೇಲೆ ಕಾಣುವ ಹೊಳಪಿಗಿಂತಲೂ ಕೆಳಗೆ ಕಾಣದಿರುವ ಕೆಲಸವನ್ನೇ ಹೆಚ್ಚಾಗಿ ವಿಚಾರಿಸಿಕೊಳ್ಳುವರು.

ಭಾರದ ಲೆಕ್ಕ

ಸಾಧಾರಣ ಗಾತ್ರದ ಒಂದು ಸಿಂಕನ್ನು ತೆಗೆದುಕೊಳ್ಳೋಣ. ಒಳ ಅಳತೆಯು 22 ಅಂಗುಲ ಉದ್ದ, 16 ಅಂಗುಲ ಅಗಲ, 9 ಅಂಗುಲ ಆಳವಿದ್ದರೆ ಅದರಲ್ಲಿ ಸುಮಾರು 50 ಲೀಟರು ನೀರು ಹಿಡಿಯುವುದು. ಲೀಟರಿಗೆ ಒಂದು ಕಿಲೋವಿನಂತೆ ನೀರಿನ ತೂಕವೇ 50 ಕಿಲೋ ಆಯಿತು. ಅದರ ಮೇಲೆ ಸಿಂಕಿನ ಸ್ವಂತ ತೂಕ, ನೆನೆಯಲು ಮುಳುಗಿಸಿಟ್ಟ ಕುಕ್ಕರು, ಇಡ್ಲಿಪಾತ್ರೆ, ಕಬ್ಬಿಣದ ಬಾಣಲೆ ಇವೆಲ್ಲ ಸೇರಿದರೆ 60 ಕಿಲೋ ದಾಟುವುದು ಕಷ್ಟವಲ್ಲ. ಹಬ್ಬದ ದಿನ ತೊಟ್ಟಿಯು ತುಂಬಿ ನಿಂತಾಗ ಒಬ್ಬ ಪ್ರಾಯಸ್ಥನು ಅದರೊಳಗೆ ನಿಂತಷ್ಟು ಭಾರವು ಆ ಕಿರಿದಾದ ಅಂಚಿನ ಮೇಲೆ ಬೀಳುತ್ತದೆಂದು ತಿಳಿಯಬೇಕು.

ಈ ಭಾರವನ್ನು ಹೊರತಕ್ಕವರು ಯಾರು? ಅಂಚಿಗೆ ಸಿಲಿಕೋನ್ ಬಳಿದು, ಕೆಳಗಿನಿಂದ ಎರಡು ಮರದ ತುಂಡುಗಳನ್ನು ಆನಿಸಿಟ್ಟು, ಮರುದಿನ ಅವನ್ನು ತೆಗೆದು ‘ಕೆಲಸ ಮುಗಿಯಿತು’ ಎನ್ನುವ ಕೆಲಸಗಾರರು ಇಲ್ಲದಿಲ್ಲ. ಸಿಲಿಕೋನಿನ ಧರ್ಮವು ನೀರನ್ನು ತಡೆಯುವುದೇ ಹೊರತು ವರ್ಷಾನುವರ್ಷ ಭಾರವನ್ನು ಹೊರುವುದಲ್ಲ. ಅದಲ್ಲದೆ ಸ್ಟೇನ್‌ಲೆಸ್ ಉಕ್ಕು ಬಿಸಿಗೆ ಗ್ರಾನೈಟಿಗಿಂತ ಸುಮಾರು ಎರಡರಷ್ಟು ಹಿಗ್ಗುವ ಸ್ವಭಾವದ್ದು. ಕುದಿಯುವ ಗಂಜಿಯನ್ನು ಬಸಿದಾಗ ಒಮ್ಮೆ, ತಣ್ಣೀರು ಬಿಟ್ಟಾಗ ಒಮ್ಮೆ, ಹೀಗೆ ದಿನವೂ ಹಿಗ್ಗಿ ಕುಗ್ಗುವ ಅಂಚನ್ನು ಕೇವಲ ಅಂಟಿನ ಬಲದಿಂದ ಹಿಡಿದಿಡುವೆವೆಂಬುದು ದುರಾಶೆಯೇ ಸರಿ.

ಕಲ್ಲಿನ ಸ್ವಭಾವ

ಕಲ್ಲೆಂದರೆ ಗಟ್ಟಿಯೆಂಬ ಭಾವನೆ ನಮಗೆ ಹುಟ್ಟಿನಿಂದಲೇ ಬಂದುದು. 981ರ ವೇಳೆಗೆ ನಿಂತ ಶ್ರವಣಬೆಳಗೊಳದ ಗೊಮ್ಮಟನು ಸಾವಿರ ವರ್ಷಗಳ ಬಿಸಿಲು ಮಳೆಗಳನ್ನು ತಡೆದಿರುವನಲ್ಲ! ಆದರೆ ನಿಂತ ಕಲ್ಲಿನ ಬಲವು ಬೇರೆ, ಅಡ್ಡ ಮಲಗಿದ ತೆಳುಗಲ್ಲಿನ ಬಲವು ಬೇರೆ. ನಮ್ಮ ಹಳೆಯ ದೇವಾಲಯಗಳ ನವರಂಗದಲ್ಲಿ ಕಂಬಗಳು ಅಷ್ಟು ಒತ್ತಾಗಿ ನಿಂತಿರುವುದಕ್ಕೆ ಅಂದವೊಂದೇ ಕಾರಣವಲ್ಲ. ಕಲ್ಲಿನ ತೊಲೆಯು ಹೆಚ್ಚು ದೂರವನ್ನು ದಾಟಲಾರದೆಂಬುದನ್ನು ಶಿಲ್ಪಿಗಳು ಬಲ್ಲವರಾಗಿದ್ದರು. ಒತ್ತುವ ಭಾರವನ್ನು ಕಲ್ಲು ಎಷ್ಟು ತಾಳಬಲ್ಲುದೋ, ಬಾಗಿಸುವ ಭಾರವನ್ನು ಅದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ತಾಳಬಲ್ಲುದು.

ಅಡುಗೆ ಕಟ್ಟೆಗೆ ಹಾಸುವ ಗ್ರಾನೈಟು ಇಳಕಲ್ಲಿನ ಕೆಂಪೇ ಆಗಲಿ, ಚಾಮರಾಜನಗರದ ಕಪ್ಪೇ ಆಗಲಿ, ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರ್ ದಪ್ಪದ್ದು. ಇದಕ್ಕೆ ಸಿಂಕಿನ ಕಿಂಡಿಯನ್ನು ತೆಗೆದಮೇಲೆ ಮುಂದುಗಡೆ ಉಳಿಯುವುದು ಕೈಯಗಲದ ಒಂದು ಪಟ್ಟಿ. ಕಟ್ಟೆಯು ಬಿರಿಯುವುದಾದರೆ ಬಹುಮಟ್ಟಿಗೆ ಇಲ್ಲಿಯೇ. ಆದುದರಿಂದ ಮುಂದಿನ ಪಟ್ಟಿಯನ್ನು 3 ಅಂಗುಲಕ್ಕೆ ಕಡಿಮೆ ಮಾಡಕೂಡದು. ಕಿಂಡಿ ತೆಗೆದ ಕಲ್ಲನ್ನು ಸಾಗಿಸುವಾಗ ಮಲಗಿಸಿ ಎತ್ತದೆ, ಅಂಚಿನ ಮೇಲೆ ನಿಲ್ಲಿಸಿಯೇ ಹೊರಬೇಕು. ಇಲ್ಲದಿದ್ದರೆ ಕಟ್ಟೆಗೆ ಏರುವ ಮೊದಲೇ ಅದು ಎರಡಾಗಬಹುದು.

ಮತ್ತೊಂದು ಅಂಶ. ಅಮೃತಶಿಲೆಯು ಸುಣ್ಣದ ಜಾತಿಯ ಕಲ್ಲಾದುದರಿಂದ ನಿಂಬೆಹುಳಿ, ಹುಣಿಸೆಹುಳಿಗಳು ಬಿದ್ದೆಡೆಯಲ್ಲಿ ಹೊಳಪು ಹೋಗಿ ಮಾಸುವುದು. ಹುಳಿಯಿಲ್ಲದೆ ಅಡುಗೆಯೇ ಇಲ್ಲದ ನಮ್ಮ ಮನೆಗಳಿಗೆ ಗ್ರಾನೈಟೇ ಯೋಗ್ಯ. ಸಂದೇಹವಿದ್ದವರು ತುಂಡುಗಲ್ಲಿನ ಮೇಲೆ ಒಂದು ಹನಿ ನಿಂಬೆಯ ರಸವನ್ನು ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ತೊಳೆದು ನೋಡಲಿ.

ಅಳತೆಯ ವಿಚಾರ

ಸಿಂಕನ್ನು ಕೊಂಡು ತಂದು ಮನೆಯಲ್ಲಿಟ್ಟುಕೊಂಡ ಹೊರತು ಕಲ್ಲಿಗೆ ಯಂತ್ರ ತಾಗಿಸಗೊಡಬಾರದು. ಪೆಟ್ಟಿಗೆಯೊಡನೆ ಬರುವ ಕಾಗದದ ಅಚ್ಚನ್ನು ನಿಜವಾದ ಸಿಂಕಿನ ಮೇಲಿಟ್ಟು ತಾಳೆ ನೋಡಿದಮೇಲೆಯೇ ಕಲ್ಲಿನ ಮೇಲೆ ಗೆರೆ ಎಳೆಯತಕ್ಕದ್ದು.

ಮೊದಲು ಆಳ. ತೊಟ್ಟಿಯು ಆಳವಾದಷ್ಟೂ ನೀರು ಸಿಡಿಯದೆಂಬುದು ನಿಜ. ಆದರೆ ಬೆನ್ನು ಬಾಗುವುದೂ ಅಷ್ಟೇ ನಿಜ. ಕೆಳಗೆ ಕೂಡಿಸಿದ ಸಿಂಕು ಕಲ್ಲಿನ ದಪ್ಪದಷ್ಟು, ಎಂದರೆ ಮುಕ್ಕಾಲು ಅಂಗುಲದಷ್ಟು, ಇನ್ನೂ ಕೆಳಗಾಗುವುದು. ಮನೆಯಲ್ಲಿ ಆ ಕೆಲಸ ಮಾಡುವವರು ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಅಂಗೈ ತೊಟ್ಟಿಯ ತಳಕ್ಕೆ ತಾಗುವಂತಿರಬೇಕು. ಈ ಪರೀಕ್ಷೆಯನ್ನು ಅಂಗಡಿಯಲ್ಲಿ ಯಜಮಾನರು ಮಾಡಿ ಪ್ರಯೋಜನವಿಲ್ಲ.

ಎರಡನೆಯದು ಕಿಂಡಿಯ ಅಂಚು. ಕಲ್ಲಿನ ಅಂಚು ತೊಟ್ಟಿಯ ಗೋಡೆಗಿಂತ ಹಿಂದೆ ಸರಿದಿದ್ದರೆ ಸಿಂಕಿನ ಅಂಚು ಮೆಟ್ಟಿಲಿನಂತೆ ಕಾಣುತ್ತ ಕೊಳೆಗೆ ಪೀಠವಾಗುವುದು. ತುಂಬ ಮುಂದೆ ಚಾಚಿದ್ದರೆ ಅದರಡಿಯಲ್ಲಿ ಕಣ್ಣಿಗೆ ಬೀಳದೆ ಪಾಚಿ ಬೆಳೆಯುವುದು. ಗೋಡೆಗೆ ಸರಿಸಮವಾಗಿಯೋ, ಹೆಚ್ಚೆಂದರೆ 3 ಮಿಲಿಮೀಟರ್ ಮುಂದಕ್ಕೋ ಇರುವುದು ಮೇಲು. ಈ ಅಂಚು ಸದಾ ಕಾಣುವುದರಿಂದ ಅದನ್ನು ಮೇಲ್ಮೈಯಂತೆಯೇ ಪಾಲಿಶ್ ಮಾಡಿಸಬೇಕು. ನಲ್ಲಿಯ ತೂತನ್ನೂ ಇದೇ ಸಮಯದಲ್ಲಿ ತೆಗೆಸಬೇಕು. ಸಿಂಕನ್ನು ಕೂಡಿಸಿದ ಮೇಲೆ ಕೊರೆದರೆ ಅದುರಿ ಅಂಟು ಸಡಿಲವಾಗುವುದುಂಟು.

ಕೊರೆಯುವಾಗಿನ ಎಚ್ಚರಿಕೆ

ಕಿಂಡಿಯ ನಾಲ್ಕು ಮೂಲೆಗಳು ಚೂಪಾಗಿರಕೂಡದು. ಚೂಪಾದ ಮೂಲೆಯಲ್ಲಿ ಒತ್ತಡವೆಲ್ಲ ಒಂದು ಬಿಂದುವಿಗೆ ಸೇರಿ ಅಲ್ಲಿಂದಲೇ ಬಿರುಕು ಹೊರಡುವುದು. ನಾಲ್ಕು ಮೂಲೆಗಳಲ್ಲಿಯೂ ಮೊದಲು ದುಂಡು ತೂತುಗಳನ್ನು ಕೊರೆದು, ಅನಂತರ ಒಂದರಿಂದ ಮತ್ತೊಂದಕ್ಕೆ ನೇರವಾಗಿ ಕತ್ತರಿಸುವುದೇ ಸರಿಯಾದ ಕ್ರಮವು. ಮೂಲೆಯನ್ನು ದಾಟಿ ಗರಗಸದ ಗೀರು ಒಂದೆಳೆ ಮುಂದೆ ಹೋದರೂ ಅದು ಮುಂದಿನ ಬಿರುಕಿಗೆ ಬೀಜವಾಗುವುದು.

ಇಲ್ಲಿ ಕಲ್ಲಿಗಿಂತ ಮುಖ್ಯವಾದ ಒಂದು ಮಾತನ್ನು ಹೇಳಬೇಕಾಗಿದೆ. ಒಣಕಲ್ಲನ್ನು ಯಂತ್ರದಿಂದ ಕತ್ತರಿಸುವಾಗ ಏಳುವ ಬಿಳಿಯ ಧೂಳಿನಲ್ಲಿ ಬೆಣಚಿನ ಅತಿಸೂಕ್ಷ್ಮ ಕಣಗಳಿರುವುವು. ಅವು ಉಸಿರಿನೊಡನೆ ಪುಪ್ಪುಸಗಳ ಆಳಕ್ಕೆ ಹೊಕ್ಕು ಅಲ್ಲಿಯೇ ನೆಲೆಸಿ, ವರ್ಷಗಳು ಕಳೆದಂತೆ ಪುಪ್ಪುಸವನ್ನೇ ಗಟ್ಟಿಗಟ್ಟಿಸುವುವು. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಈ ಧೂಳು ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ನಿರ್ಣಯಿಸಿತು. ಗ್ರಾನೈಟಿಗಿಂತಲೂ, ಬೆಣಚಿನ ಪುಡಿಯನ್ನು ರಾಳದಲ್ಲಿ ಕಲಸಿ ಮಾಡಿದ ಕೃತಕ ‘ಕ್ವಾರ್ಟ್ಸ್’ ಹಲಗೆಗಳು ಹೆಚ್ಚು ಅಪಾಯಕರ. ಅವುಗಳಲ್ಲಿ ಸಿಲಿಕಾ ಅಂಶವು ನೂರಕ್ಕೆ 90ನ್ನು ಮೀರುವುದುಂಟು. ಅವನ್ನು ಕೊರೆದ ಯುವಕರಲ್ಲಿ ಈ ರೋಗವು ಕಾಣಿಸಿಕೊಂಡುದರಿಂದಲೇ ಆಸ್ಟ್ರೇಲಿಯವು 2024ರ ಜುಲೈ 1ರಿಂದ ಅಂಥ ಕಲ್ಲಿನ ಬಳಕೆಯನ್ನು ನಿಷೇಧಿಸಿತು.

ಆದುದರಿಂದ ಕಲ್ಲನ್ನು ಕತ್ತರಿಸುವುದು ಹೊರಗೆ ಬಯಲಿನಲ್ಲಿ, ನೀರು ಬಿಡುತ್ತ, ಧೂಳು ತಡೆಯುವ ಮುಖವಾಡವನ್ನು ಧರಿಸಿಯೇ ನಡೆಯಬೇಕೆಂದು ಯಜಮಾನರು ಮೊದಲೇ ಕರಾರು ಮಾಡಿಕೊಳ್ಳಬೇಕು. ಮೂಗಿಗೆ ಕಟ್ಟಿದ ಟವೆಲಿನಿಂದ ಈ ಧೂಳು ನಿಲ್ಲದು. ನೀರಿರುವೆಡೆ ವಿದ್ಯುಚ್ಛಕ್ತಿಯ ಭಯವೂ ಇರುವುದರಿಂದ, ಸೋರಿಕೆಯಾದೊಡನೆ ತಾನೇ ಆರುವ ಸ್ವಿಚ್ಚಿನ ಮೂಲಕವೇ ಯಂತ್ರಕ್ಕೆ ಸಂಪರ್ಕ ಕೊಡತಕ್ಕದ್ದು. ಮುಖವಾಡಕ್ಕಾಗಿ ಆಗುವ ಖರ್ಚು ಕಲ್ಲಿನ ಬೆಲೆಯ ಮುಂದೆ ಲೆಕ್ಕಕ್ಕೆ ಬರುವಂಥದಲ್ಲ. ನಮ್ಮ ಕಟ್ಟೆಯ ಹೊಳಪಿಗಾಗಿ ಮತ್ತೊಬ್ಬರ ಮನೆಯ ಯಜಮಾನನು ಉಸಿರಿಗಾಗಿ ಏದುವಂತಾಗಬಾರದು.

ಕೂಡಿಸುವ ಕ್ರಮ

ತೊಟ್ಟಿಯ ಎರಡು ಪಕ್ಕಗಳಲ್ಲಿ ಕಡಪ ಕಲ್ಲಿನ ನಿಲುವು ಹಲಗೆಗಳನ್ನಾಗಲಿ ಇಟ್ಟಿಗೆಯ ತೆಳುಗೋಡೆಗಳನ್ನಾಗಲಿ ಕಟ್ಟಿಸಿ, ಅವುಗಳಿಗೆ ತುಕ್ಕು ಹಿಡಿಯದ ಉಕ್ಕಿನ ಪಟ್ಟಿಗಳನ್ನು ಸಿಂಕಿನ ಅಂಚಿನಡಿಗೆ ಬರುವಂತೆ ತಿರುಪುಗಳಿಂದ ಬಿಗಿಸಬೇಕು. ಭಾರವು ಪಟ್ಟಿಗಳ ಮೂಲಕ ಗೋಡೆಗೆ, ಗೋಡೆಯಿಂದ ನೆಲಕ್ಕೆ ಇಳಿಯುವುದು. ಆಗ ಸಿಂಕು ನೇತಾಡುವುದು ತಪ್ಪಿ ಕುಳಿತಂತಾಯಿತು.

ಕಡಪ ಕಲ್ಲನ್ನು ಹಾಸಿ ಅದರ ಮೇಲೆ ಗಾರೆಯಲ್ಲಿ ಗ್ರಾನೈಟನ್ನು ಕೂರಿಸುವ ಮನೆಗಳಲ್ಲಿ ಸಿಂಕಿನ ಅಂಚನ್ನು ಎರಡು ಕಲ್ಲುಗಳ ನಡುವೆ ಹುದುಗಿಸುವುದೂ ಉಂಟು. ಭಾರದ ದೃಷ್ಟಿಯಿಂದ ಇದು ಭದ್ರವೇ. ಆದರೆ ಮುಂದೊಮ್ಮೆ ಸಿಂಕನ್ನು ಬದಲಾಯಿಸಬೇಕಾದರೆ ಮೇಲಿನ ಕಲ್ಲನ್ನು ಒಡೆಯದೆ ಗತ್ಯಂತರವಿಲ್ಲ. ಕಲ್ಲು ಮೊಮ್ಮಕ್ಕಳ ಕಾಲಕ್ಕೂ ಉಳಿಯುವುದು. ಸಿಂಕಿಗೆ ಅಷ್ಟು ಆಯುಸ್ಸಿಲ್ಲ. ಆದಕಾರಣ ಕೆಳಗಿನಿಂದ ಬಿಚ್ಚಬಹುದಾದ ಪಟ್ಟಿಗಳ ಕ್ರಮವೇ ದೂರದೃಷ್ಟಿಯುಳ್ಳದ್ದು.

ಆಧಾರವು ಸಿದ್ಧವಾದಮೇಲೆ ಅಂಟಿನ ಸರದಿ. ಕಲ್ಲಿನ ಕೆಳಮೈಯ ಧೂಳನ್ನೂ ಸಿಂಕಿನ ಅಂಚಿನ ಎಣ್ಣೆಯ ಪಸೆಯನ್ನೂ ಸ್ಪಿರಿಟಿನಿಂದ ಒರೆಸಿ ಒಣಗಿಸಬೇಕು. ಕೆಲವು ಹಲಗೆಗಳ ಕೆಳಮೈಗೆ ಬಲೆಯನ್ನು ಅಂಟಿಸಿರುವರು. ಸಿಂಕು ಕೂಡುವ ಸಾಲಿನಲ್ಲಿ ಅದನ್ನು ಕೆರೆದು ಕಲ್ಲನ್ನು ಕಾಣಿಸಬೇಕು. ಇಲ್ಲದಿದ್ದರೆ ಅಂಟು ಹಿಡಿಯುವುದು ಬಲೆಯನ್ನೇ ಹೊರತು ಕಲ್ಲನ್ನಲ್ಲ. ಸಿಲಿಕೋನಿನಲ್ಲಿ ಎರಡು ಜಾತಿ. ವಿನಿಗರಿನಂತೆ ಹುಳಿವಾಸನೆ ಬೀರುವುದು ಕೆಲವು ಕಲ್ಲುಗಳಿಗೆ ಕಲೆಮಾಡುವುದು. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೇಳಿ ತರಿಸಬೇಕು. ಅಂಚಿನ ಸುತ್ತ ಎಲ್ಲಿಯೂ ಎಳೆ ಕಡಿಯದಂತೆ ಅದನ್ನು ಹಾಕಿ, ಸಿಂಕನ್ನು ಒತ್ತಿ, ಪಟ್ಟಿಗಳನ್ನು ಬಿಗಿದು, ಒಳಗೆ ಉಕ್ಕಿದುದನ್ನು ಆಗಲೇ ಒರೆಸಿಬಿಡಬೇಕು. ಅಲ್ಲಿಂದ ಮುಂದೆ ಒಂದು ಹಗಲು ಒಂದು ರಾತ್ರಿ ಅದನ್ನು ಯಾರೂ ಮುಟ್ಟಬಾರದು. ‘ಒಂದು ಲೋಟ ತೊಳೆದರೇನು’ ಎಂಬ ಅವಸರವು ಇಲ್ಲಿ ಸಲ್ಲದು.

ನೀರಿನ ಪರೀಕ್ಷೆ

ತೊಟ್ಟಿಯ ತೂತಿನಡಿಯಲ್ಲಿ ಟ್ರ್ಯಾಪ್ ಎಂಬ ಬಾಗಿದ ಕೊಳವೆಯನ್ನು ಜೋಡಿಸುವರು. ಅದರಲ್ಲಿ ಸದಾ ನಿಲ್ಲುವ ಎರಡಂಗುಲದಷ್ಟು ನೀರೇ ಚರಂಡಿಯ ದುರ್ವಾಸನೆಗೂ ಜಿರಲೆಗೂ ಬಾಗಿಲು. ಸುಕ್ಕುಗಟ್ಟಿದ ರಬ್ಬರು ಕೊಳವೆಯನ್ನು ಜೋಲುಬಿಟ್ಟರೆ ಜಿಡ್ಡು ಅದರ ಮಡಿಕೆಗಳಲ್ಲಿ ಕಟ್ಟುವುದು. ನಯವಾದ ಗಟ್ಟಿ ಕೊಳವೆಯನ್ನು ಇಳಿಜಾರಾಗಿ ಹಾಕಿಸುವುದು ಲೇಸು.

ಕೊನೆಯ ಕೂಲಿಯನ್ನು ಕೊಡುವ ಮೊದಲು ತೂತನ್ನು ಮುಚ್ಚಿ ತೊಟ್ಟಿಯನ್ನು ತುಂಬಿಸಿರಿ. ಅಂಚಿನ ಕೆಳಗೆ ಸುತ್ತಲೂ ಒಣಕಾಗದವನ್ನು ಸವರಿ ಒಂದು ಗಂಟೆಯ ಕಾಲ ಕಾದು ನೋಡಿರಿ. ಅನಂತರ ನೀರನ್ನು ಒಮ್ಮೆಲೇ ಬಿಟ್ಟು ಕೊಳವೆಯ ಪ್ರತಿಯೊಂದು ಸಂದಿಗೂ ಕಾಗದವನ್ನು ತಾಗಿಸಿರಿ. ಒಂದು ಹನಿ ಕಂಡರೂ ಕೆಲಸವು ಮುಗಿದಿಲ್ಲವೆಂದೇ ಅರ್ಥ. ಇಂದು ಹನಿಯಾಗಿರುವುದು ಮುಂದಿನ ಮಳೆಗಾಲಕ್ಕೆ ಕೆಳಗಿನ ಮರದ ಕಪಾಟನ್ನು ಉಬ್ಬಿಸಿ, ಅಕ್ಕಿ ಬೇಳೆಗಳ ಡಬ್ಬಿಗಳಿಗೆ ಬೂಷ್ಟು ಹಿಡಿಸುವುದು.

ಅಳತೆ ಹಾಕುವಾಗ, ಮೂಲೆ ಕೊರೆಯುವಾಗ, ಆಧಾರದ ಪಟ್ಟಿಗಳನ್ನು ಬಿಗಿಯುವಾಗ, ನೀರು ತುಂಬಿಸುವಾಗ, ಈ ನಾಲ್ಕು ವೇಳೆಗಳಲ್ಲಿ ಮನೆಯವರೊಬ್ಬರು ಸ್ವತಃ ನಿಂತು ನೋಡಿದರೆ ಸಾಕು. ಉಳಿದುದನ್ನು ಕೆಲಸ ಬಲ್ಲವರಿಗೆ ಬಿಡಬಹುದು. ಇದಕ್ಕಾಗಿ ಅರ್ಧ ದಿನದ ಕೂಲಿ ಹೆಚ್ಚಾಗಬಹುದು. ಅದನ್ನು ಸಂತೋಷದಿಂದ ಕೊಡಿರಿ. ಕಟ್ಟೆಯ ಹೊಳಪನ್ನು ನೋಡಿ ಹೊಗಳುವವರು ನೆಂಟರು. ದಿನವೂ ಮುಸುರೆಯ ಪಾತ್ರೆಗಳನ್ನು ಹೊತ್ತು ಬರುವ ಕೈಗಳಿಗೆ ಬೇಕಾದುದು ಅದರಡಿಯ ಭದ್ರತೆ.