ಮಗುವಿನ ಮೂತ್ರಪಿಂಡದ ಗಡ್ಡೆ: ಸೌಮ್ಯವೋ, ಉಗ್ರವೋ?

ಮೂರು–ನಾಲ್ಕು ವರ್ಷದ ಮಗು. ಆಟ–ಊಟಗಳಲ್ಲಿ ಏನೂ ಕೊರತೆಯಿಲ್ಲ. ಒಂದು ದಿನ ಸ್ನಾನ ಮಾಡಿಸುವಾಗ ಹೊಟ್ಟೆಯ ಪಕ್ಕದಲ್ಲಿ ಗಟ್ಟಿಯಾದ ಗಡ್ಡೆ ತಾಯಿಯ ಕೈಗೆ ತಗಲುತ್ತದೆ. 'ವಿಲ್ಮ್ಸ್ ಗಡ್ಡೆ' ಎಂಬ ಮೂತ್ರಪಿಂಡದ ಕ್ಯಾನ್ಸರ್ ಅನೇಕ ವೇಳೆ ಪತ್ತೆಯಾಗುವುದು ಹೀಗೆಯೇ. 1899ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರೇ ಇದಕ್ಕೆ ನಿಂತಿದೆ.

ಭ್ರೂಣದಲ್ಲಿ ಮೂತ್ರಪಿಂಡವನ್ನು ಕಟ್ಟುವ ಎಳೆಯ ಜೀವಕೋಶಗಳು ಕ್ರಮೇಣ ಬಲಿಯಬೇಕು. ಕೆಲವು ಬಲಿಯದೆ ವಿಭಜನೆಯಾಗುತ್ತಲೇ ಹೋದರೆ ಗಡ್ಡೆ ಹುಟ್ಟುತ್ತದೆ. ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ನೂರಕ್ಕೆ ಸುಮಾರು 90 ಮಕ್ಕಳು ಬದುಕುಳಿಯುತ್ತಾರೆ. ಆದರೆ ನೂರರಲ್ಲಿ 5ರಿಂದ 10 ಗಡ್ಡೆಗಳು ಉಗ್ರ ಸ್ವಭಾವದವು. ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲ. ಇವನ್ನು ಗುರುತಿಸುವುದು ಹೇಗೆ?

ಗಾತ್ರವೊಂದನ್ನೇ ನೋಡಿ ಹೇಳಲಾಗದು. 1978ರಲ್ಲಿ ಅಮೆರಿಕದ ಬೆಕ್‌ವಿತ್ ಮತ್ತು ಪಾಮರ್ ಸೂಕ್ಷ್ಮದರ್ಶಕದಲ್ಲಿ ಉತ್ತರ ಹುಡುಕಿದರು. ಉಗ್ರ ಗಡ್ಡೆಯ ಕೆಲವು ಕೋಶಕೇಂದ್ರಗಳು ಪಕ್ಕದವುಗಳಿಗಿಂತ ಮೂರು ಪಟ್ಟು ದೊಡ್ಡವಾಗಿ, ಕಪ್ಪಾಗಿ ಕಾಣುತ್ತವೆ. ಕೋಶಗಳ ವಿಭಜನೆಯೂ ಅಡ್ಡಾದಿಡ್ಡಿ.

ಇದರ ಹಿಂದಿನ ಕಾರಣವನ್ನು ಸೂಚಿಸಿದ್ದು 'ಪಿ53' ಎಂಬ ಪ್ರೋಟೀನು. ಇದು ಜೀವಕೋಶದ ಕಾವಲುಗಾರ. ಡಿ.ಎನ್.ಎ. ಕೆಟ್ಟರೆ ವಿಭಜನೆಯನ್ನು ತಡೆಯುತ್ತದೆ. ದುರಸ್ತಿಯಾಗದಿದ್ದರೆ ಆ ಕೋಶವನ್ನೇ ಸಾಯಿಸುತ್ತದೆ. ಉಗ್ರ ಬಗೆಯ ವಿಲ್ಮ್ಸ್ ಗಡ್ಡೆಗಳಲ್ಲಿ ಈ ಕಾವಲುಗಾರನ ವಂಶವಾಹಿ ಕೆಟ್ಟಿರುವುದನ್ನು 1994ರಲ್ಲಿ ಸಂಶೋಧಕರು ತೋರಿಸಿದರು. ಕ್ಯಾನ್ಸರ್ ಔಷಧಿಗಳು ಹಲವು ವೇಳೆ ಕೆಲಸ ಮಾಡುವುದು ಡಿ.ಎನ್.ಎ.ಯನ್ನು ಕೆಡಿಸಿ. ಸಾಯಲು ಆಜ್ಞೆ ಕೊಡುವವನೇ ಇಲ್ಲದಿದ್ದರೆ ಕೋಶ ಸಾಯುವುದೆಂತು?

ಆರೋಗ್ಯವಂತ ಪಿ53 ಬೇಗ ಕರಗಿಹೋಗುತ್ತದೆ. ಕೆಟ್ಟದ್ದು ಸಾಮಾನ್ಯವಾಗಿ ಕೋಶಕೇಂದ್ರದಲ್ಲಿ ಶೇಖರವಾಗುತ್ತದೆ. ಗಡ್ಡೆಯ ತೆಳುವಾದ ಸೀಳಿಗೆ ಪಿ53ಕ್ಕೆ ಅಂಟುವ ಪ್ರತಿಕಾಯವನ್ನು ಹಾಕಿ ಬಣ್ಣ ಬರಿಸಿದರೆ ಅಂಥ ಕೇಂದ್ರಗಳು ಕಂದು ಬಣ್ಣದಲ್ಲಿ ಎದ್ದು ಕಾಣುತ್ತವೆ. ಆದರೆ ವಂಶವಾಹಿ ಪೂರ್ತಿ ಕೆಟ್ಟಾಗ ಪ್ರೋಟೀನೇ ತಯಾರಾಗದೆ, ಬಣ್ಣವೂ ಬಾರದೆ ಇರಬಹುದು. ಆದ್ದರಿಂದ ಬಣ್ಣದ ಪರೀಕ್ಷೆಯೊಂದೇ ತೀರ್ಪಲ್ಲ. ಕೋಶದ ರೂಪ, ರೋಗ ಹರಡಿರುವ ಹಂತ ಎಲ್ಲವನ್ನೂ ಕೂಡಿಸಿ ನೋಡಬೇಕು.

ಇಷ್ಟೆಲ್ಲ ಜಾಗ್ರತೆ ಏಕೆ? ತೀವ್ರ ಚಿಕಿತ್ಸೆಗೂ ಬೆಲೆಯುಂಟು. ಡಾಕ್ಸೊರುಬಿಸಿನ್ ಔಷಧಿಯಿಂದ ಹೃದಯಕ್ಕೂ, ವಿಕಿರಣದಿಂದ ಮೂಳೆಗಳ ಬೆಳವಣಿಗೆಗೂ ಹಾನಿಯಾಗಬಹುದು. ಸೌಮ್ಯ ಗಡ್ಡೆಯ ಮಗುವನ್ನು ಈ ಹಾನಿಯಿಂದ ಪಾರು ಮಾಡಬೇಕು. ಉಗ್ರ ಗಡ್ಡೆಯ ಮಗುವಿಗೆ ಮೊದಲೇ ಬಲವಾದ ಚಿಕಿತ್ಸೆ ಸಿಗಬೇಕು. ಗಾಜಿನ ಪಟ್ಟಿಯ ಮೇಲಿನ ಆ ತೆಳು ಸೀಳು ವೈದ್ಯರಿಗೆ ದಾರಿ ತೋರುವುದು ಇಲ್ಲಿಯೇ.